ಒಂದು ದಿನ ತಡವಾದ ಗುಂಡು

ಭಾನುವಾರ ಬನ್ನೇರುಘಟ್ಟ ರಸ್ತೆಯ ಸದ್ದು ಏರುವ ಮೊದಲೇ, ಬಿಳೇಕಹಳ್ಳಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಸೀಸದ ಪೆಲೆಟ್ಟುಗಳನ್ನು ಸುರಿದುಕೊಂಡು ಕೂರುತ್ತೇನೆ. ಏರ್‌ರೈಫಲ್ಲಿನ ಪೆಲೆಟ್ಟು 4.5 ಮಿ.ಮೀ. ದಪ್ಪ, ತೂಕ ಅರ್ಧ ಗ್ರಾಮಿಗಿಂತ ಒಂದು ಚೂರು ಹೆಚ್ಚು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಬೆರಳಲ್ಲಿ ಉರುಳಿಸಿ, ಲಂಗದಂಥ ಅದರ ಹಿಂಬದಿಯ ಅಂಚು ಸೊಟ್ಟಗಾಗಿದೆಯೇ ನೋಡಿ, ಪುಟ್ಟ ತಕ್ಕಡಿಗೆ ಹಾಕುತ್ತೇನೆ. ವಾರದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಗಂಟೆ ಇನ್ನೊಂದಿಲ್ಲ.

ಪಕ್ಕದ ಮನೆಯ ಹುಡುಗ ಮೊನ್ನೆ ಬಂದು ನಿಂತು ಕೇಳಿದ: “ಅಂಕಲ್, ಎಲ್ಲಾ ಒಂದೇ ಥರ ಇದಾವಲ್ಲ, ಏನ್ ಆರಿಸ್ತಿದೀರ?”

ಅವನಿಗೆ ಉತ್ತರ ಹೇಳಬೇಕಾದರೆ ಅಜ್ಜನಿಂದ ಶುರು ಮಾಡಬೇಕು.

ತೀರ್ಥಹಳ್ಳಿ ಸೀಮೆಯ ನಮ್ಮ ಅಜ್ಜನ ಹತ್ತಿರ ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಬಾಯಿಂದ ಮಸಿ ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಅದರ ಮೇಲೆ ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಇಡಬೇಕು. ಒಮ್ಮೆ ತುಂಬಿದ ಮೇಲೆ ಗದ್ದೆಯ ಕತ್ತಲಲ್ಲಿ ಬದಲಾಯಿಸುವ ಮಾತಿಲ್ಲ. ಯಾವ ಪ್ರಾಣಿಗೆ ಏನು ಎಂಬ ತೀರ್ಮಾನ ಮನೆಯ ಜಗಲಿಯಲ್ಲೇ ಆಗಿಬಿಡಬೇಕು. ಕಾಡುಕೋಳಿಗೆ, ಮೊಲಕ್ಕೆ ಸಣ್ಣ ಚರೆ. ಹಂದಿಗೆ ಒಂಟಿ ಗುಂಡು. ಚರೆ ಹರಡಿಕೊಂಡು ಹೋಗುತ್ತದೆ, ಒಂದೊಂದು ಕಾಳಿಗೂ ತೂಕ ಕಡಿಮೆ. ಹಂದಿಯ ಭುಜದ ದಪ್ಪ ಚರ್ಮ ದಾಟಿ ಒಳಗೆ ಇಳಿಯುವ ಬಲ ಅದಕ್ಕಿಲ್ಲ. ಸಾಯಿಸುವುದಿಲ್ಲ, ನರಳಿಸುತ್ತದೆ.

ಇದೆಲ್ಲ ಗೊತ್ತಿದ್ದೂ ಅಜ್ಜ ಪ್ರಾಯದಲ್ಲಿ ಒಂದು ರಾತ್ರಿ ತಪ್ಪಿದ. ಮೊಲಕ್ಕೆಂದು ಚರೆ ತುಂಬಿ ಹೋಗಿದ್ದಾಗ ಗದ್ದೆಗೆ ಹಂದಿ ಇಳಿಯಿತು. ಕೈ ತಡೆಯಲಿಲ್ಲ, ಈಡು ಹಾರಿಸಿದ. ಹಂದಿ ಗುಡ್ಡ ಹತ್ತಿತು. ಬೆಳಗಾದ ಮೇಲೆ ಗುಂಡು ತುಂಬಿಕೊಂಡು ಎರಡು ದಿನ ರಕ್ತದ ಜಾಡು ಹಿಡಿದು ಅಲೆದರೂ ಸಿಗಲಿಲ್ಲ. ಮನೆಗೆ ಬಂದು ಆ ಗುಂಡನ್ನು ಹೊರತೆಗೆದು ಎಲೆ–ಅಡಿಕೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. “ಪ್ರಾಣಿ ನೋಡ್ಕಂಡು ಗುಂಡು ಹಾಕ್ಬೇಕು. ಗುಂಡು ಸರಿ ಇಲ್ಲ ಅಂದ್ರೆ ಕೋವಿ ಇಳಿಸ್ಕಂಡು ಮನೆಗ್ ಬರ್ಬೇಕು” ಎನ್ನುತ್ತಿದ್ದ.

ಆಮೇಲೆ ನಾನು ಓದಿದ ಬೇಟೆಯ ಪುಸ್ತಕಗಳೆಲ್ಲ ನನಗೆ ಈ ಮಾತಿನ ವಿಸ್ತಾರವಾಗಿಯೇ ಕಂಡವು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳ ಕಾಡು ನಮಗೆ ದೂರದ್ದಲ್ಲ. ನಮ್ಮ ಈ ರಸ್ತೆ ಹೋಗಿ ಮುಟ್ಟುವ ಬನ್ನೇರುಘಟ್ಟದ ಕಾಡೇ ಮುಂದೆ ತಳಿ, ಜವಳಗಿರಿಗಳ ಕಡೆಗೆ ಹಬ್ಬಿದೆ. ಆಂಡರ್ಸನ್ನರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಅದರ ಗುಂಡು 300 ಗ್ರೇನ್, ಅಂದರೆ ಹತ್ತೊಂಬತ್ತೂವರೆ ಗ್ರಾಂ. ನನ್ನ ಮೂವತ್ತಾರು ಪೆಲೆಟ್ಟು ಸೇರಿದರೆ ಅದೊಂದರ ತೂಕ. ಸೆಕೆಂಡಿಗೆ ಸುಮಾರು 670 ಮೀಟರ್ ವೇಗ. 1909ರಲ್ಲಿ ಆಫ್ರಿಕಾಕ್ಕೆ ಹೊರಟ ಥಿಯೋಡರ್ ರೂಸ್‌ವೆಲ್ಟ್ ಸಿಂಹಗಳಿಗೆಂದು ಒಯ್ದದ್ದೂ ಇದನ್ನೇ. ಜಿಮ್ ಕಾರ್ಬೆಟ್ ಬಹಳ ನೆಚ್ಚಿದ್ದ .275 ರಿಗ್ಬಿಯ ಗುಂಡು ಇದರ ಅರ್ಧದಷ್ಟೂ ತೂಗುವುದಿಲ್ಲ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಅವರಿಗೆ ಬಂದ ಉಡುಗೊರೆ ಆ ರೈಫಲ್.

ಗುಂಡಿನ ಅಳತೆಯಷ್ಟೇ ಅದರ ಗುಣವೂ ಮುಖ್ಯ. ತುದಿಯಲ್ಲಿ ಸೀಸ ಕಾಣುವ ಮೆತ್ತನೆಯ ಗುಂಡು ಮೈಗೆ ತಾಗಿದೊಡನೆ ಅಣಬೆಯ ಹಾಗೆ ಅರಳುತ್ತದೆ. ಚಿರತೆ, ಹುಲಿಯಂಥ ತೆಳು ಚರ್ಮದ ಪ್ರಾಣಿಗೆ ಅದು ಸರಿ. ಕಾಡುಕೋಣದ ಭುಜದ ಮೂಳೆಗೋ ಆನೆಯ ತಲೆಗೋ ಅದೇ ಗುಂಡು ಹೊಡೆದರೆ ಮೇಲೇ ಅರಳಿ ನಿಂತುಬಿಡುತ್ತದೆ. ಅಲ್ಲಿಗೆ ಗಟ್ಟಿ ಲೋಹದ ಕವಚವಿರುವ ‘ಸಾಲಿಡ್’ ಬೇಕು. ಹಾಗೆಯೇ ಸಾಲಿಡ್ಡನ್ನು ಚಿರತೆಗೆ ಹೊಡೆದರೆ ಸಣ್ಣ ತೂತು ಮಾಡಿ ಆಚೆ ಹೋಗಿ, ಗಾಯಗೊಂಡ ಚಿರತೆಯನ್ನು ಹಳ್ಳಿಯ ಪಾಲಿಗೆ ಬಿಟ್ಟುಬಿಡುತ್ತದೆ. ಕರಮೋಜೊ ಬೆಲ್ ಎಂಬ ಬೇಟೆಗಾರ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಅವುಗಳಲ್ಲಿ ಅನೇಕವನ್ನು ಕಾರ್ಬೆಟ್ಟರದೇ ಅಳತೆಯ ಆ ಸಣ್ಣ ಗುಂಡಿನಿಂದ. ಆ ಸಂಖ್ಯೆ ಓದಿದರೆ ಎದೆ ಭಾರವಾಗುತ್ತದೆ. ಆದರೆ ಆನೆಯ ತಲೆಬುರುಡೆಯನ್ನು ಕೊಯ್ದು ಮೆದುಳು ಎಲ್ಲಿದೆಯೆಂದು ಅವನು ಕಲಿತಿದ್ದನೆಂಬುದು ಒಂದು ವಿಷಯ ತಿಳಿಸುತ್ತದೆ: ಪ್ರಾಣಿಯನ್ನು ಅರಿಯದವನಿಗೆ ಎಷ್ಟು ದೊಡ್ಡ ಗುಂಡೂ ಸಾಲದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಎರಡು ವರ್ಷ ಕಳೆದು, 1974ರಲ್ಲಿ, ಆಂಡರ್ಸನ್ ತೀರಿಕೊಂಡರು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾದದ್ದೂ ಅದೇ ವರ್ಷ. ಬೇಟೆ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಆರಿಸುವ ವಿದ್ಯೆ ಅದರ ಜೊತೆ ಹೋಗಬೇಕಿರಲಿಲ್ಲ. ನನ್ನ ಪಾಲಿಗೆ ಅದು ಗುರಿಹಲಗೆಯ ಮುಂದೆ ಉಳಿದುಕೊಂಡಿತು. ಹತ್ತು ಮೀಟರ್ ಏರ್‌ರೈಫಲ್ಲಿನಲ್ಲಿ ‘ಹತ್ತು’ ಎಂಬುದು ಅರ್ಧ ಮಿಲಿಮೀಟರಿನ ಚುಕ್ಕೆ. ಪೆಲೆಟ್ಟಿನ ಮೂತಿ ಚಪ್ಪಟೆಯಿರುವುದು ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸಲಿ ಎಂದು. ತಲೆ 4.49, 4.50, 4.51 ಎಂದು ಕೂದಲೆಳೆಯ ವ್ಯತ್ಯಾಸದಲ್ಲಿ ಬರುತ್ತದೆ. ನಮ್ಮ ನಳಿಗೆಗೆ ಯಾವುದು ಒಗ್ಗುತ್ತದೆಂದು ರೈಫಲ್ಲನ್ನು ಹಿಡಿಕೆಯಲ್ಲಿ ಬಿಗಿದು, ಒಂದೊಂದು ಬಗೆಯನ್ನೂ ಹತ್ತತ್ತು ಸಲ ಹೊಡೆದು ನೋಡಬೇಕು. ಐವತ್ತು ಮೀಟರ್ ರೈಫಲ್ಲಿನ ಗುರಿಹಲಗೆಯ ಹತ್ತರ ವೃತ್ತಕ್ಕೆ 10.4 ಮಿ.ಮೀ. ಅಗಲ. ಆಂಡರ್ಸನ್ನರ ಗುಂಡಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಇದು ಗೊತ್ತಾದಂದಿನಿಂದ ಆ ವೃತ್ತಕ್ಕೆ ಗುರಿಯಿಡುವಾಗಲೆಲ್ಲ ಜವಳಗಿರಿಯ ಕಾಡು ನೆನಪಾಗುತ್ತದೆ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಒಳಗಿನಿಂದ ಅಜ್ಜನ ಗುಂಡು ತಂದು ತಕ್ಕಡಿಗೆ ಹಾಕಿದೆ. 31 ಗ್ರಾಂ. ಒಂದು ಪೌಂಡ್ ಸೀಸದಲ್ಲಿ ಕೊಳವೆಗೆ ಸರಿಹೊಂದುವ ಎಷ್ಟು ಗುಂಡು ಎರೆಯಬಹುದೋ ಅಷ್ಟನೇ ಬೋರು ಎನ್ನುವ ಹಳೆಯ ಲೆಕ್ಕದಲ್ಲಿ, ಅಜ್ಜನದು ಸುಮಾರು 14–15 ಬೋರಿನ ಕೋವಿ. ಗುಂಡಿನ ಮೇಲೆ, ಹೊರತೆಗೆಯುವಾಗ ಗಜದ ತಿರುಪು ಚುಚ್ಚಿದ ಗುಳಿ ಇನ್ನೂ ಇದೆ.

“ಇದನ್ನ ಯಾಕೆ ಹೊಡೀಲಿಲ್ಲ?” ಎಂದ.

“ಇದನ್ನ ಒಂದು ದಿನ ಮುಂಚೆ ಆರಿಸಬೇಕಿತ್ತು ಕಣೋ” ಎಂದೆ.

ಅವನು ಗುಂಡನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ತೂಗಿ ಕೆಳಗಿಟ್ಟ. ಆಮೇಲೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ಪಂಚೆಯ ಮೇಲಿನ ಪೆಲೆಟ್ಟೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಅಂಕಲ್, ಇದರ ಅಂಚು ಸೊಟ್ಟ ಇದೆ” ಎಂದ.