ಕೊಳ್ಳೆಯವರ ಕೊಡುಗೈ

ಲಂಡನ್ನಿಗೆ ಹೋಗಿ ಬಂದ ನಮ್ಮವರಲ್ಲಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಹುಲಿಯ ಫೋಟೊ ತೋರಿಸದೆ ಬಿಟ್ಟವರನ್ನು ನಾನು ಕಾಣೆ. ಫೋನನ್ನು ನಮ್ಮ ಮೂಗಿನ ಹತ್ತಿರ ಹಿಡಿದು, "ನೋಡಿ ಸ್ವಾಮಿ, ನಮ್ಮದು! ಹೊತ್ಕೊಂಡು ಹೋಗಿ ಗಾಜಿನ ಪೆಟ್ಟಿಗೇಲಿ ಇಟ್ಕೊಂಡಿದಾರೆ" ಅಂತ ಒಂದು ನಿಟ್ಟುಸಿರು ಬಿಡುತ್ತಾರೆ. ಅದು ಮುಗಿದ ಮೇಲೆ ಅಲ್ಲಿ ಕುಡಿದ ಕಾಫಿಯ ಬೆಲೆ ನೆನೆದು ಇನ್ನೊಂದು ನಿಟ್ಟುಸಿರು. ಎರಡನೆಯದೇ ಸ್ವಲ್ಪ ಉದ್ದ.

ಹುಲಿಯೂ ಅಂಥದ್ದೇ ಅನ್ನಿ. ಮರದ್ದು. ಅದರ ಅಡಿಯಲ್ಲಿ ಅಂಗಾತ ಬಿದ್ದ ಬಿಳಿ ಸಾಹೇಬ. ಪಕ್ಕದ ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸಾಹೇಬ ಕೈ ಎತ್ತಿ ಇಳಿಸಿ ನರಳುತ್ತಾನೆ. ಹುಲಿಯ ಹೊಟ್ಟೆಯೊಳಗೆ ಆರ್ಗನ್ ವಾದ್ಯವೂ ಉಂಟು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಅರಮನೆಯಲ್ಲಿ ವಾದ್ಯಗಳಿದ್ದ ಕೋಣೆಯಲ್ಲಿ ಸಿಕ್ಕಿತಂತೆ. 1808ರಲ್ಲಿ ಕಂಪನಿಯವರು ಅದನ್ನು ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿಟ್ಟರು. ಇಟ್ಟದ್ದೆಲ್ಲಿ? ಓದುವ ಕೋಣೆಯಲ್ಲಿ! ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸಿದ್ದೇ ತಿರುಗಿಸಿದ್ದು. ಗ್ರಂಥದ ಮುಂದೆ ಕೂತ ಪಂಡಿತರಿಗೆ ತಲೆ ಚಿಟ್ಟುಹಿಡಿದು ಹೋಯಿತು. ಸುಲ್ತಾನ ಸತ್ತು ದಶಕಗಳಾದರೂ ಅವನ ಹುಲಿ ಇಂಗ್ಲಿಷರನ್ನು ನೆಮ್ಮದಿಯಾಗಿ ಇರಗೊಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು, ಚಾವಣಿ ಕುಸಿದು, ಹುಲಿ ಚೂರುಚೂರಾಯಿತು, ಕೂಡಿಸಿ ಅಂಟಿಸಿದರು. ಆ ಬಾಂಬು ಹಾಕಿದವರೂ ಯೂರೋಪಿನ ಉದ್ದಗಲಕ್ಕೆ ಚಿತ್ರ, ಶಿಲ್ಪ ದೋಚುತ್ತಿದ್ದವರೇ. ಆ ಕಥೆ ಎತ್ತಿದರೆ ಇವತ್ತು ಯಾರೂ ಮನೆ ಸೇರುವ ಹಾಗಿಲ್ಲ, ಬಿಡಿ.

ಟಿಪ್ಪುವಿನ ಚಿನ್ನದ ತಗಡು ಹೊದಿಸಿದ ಸಿಂಹಾಸನದ ಗತಿ ಹುಲಿಗಿಂತ ಕಡೆ. ಲೂಟಿಯ ಪಾಲು ಹಂಚಲು ನೇಮಕವಾದ ಅಧಿಕಾರಿಗಳು ಅದನ್ನು ಒಡೆದು ಹಂಚಿಬಿಟ್ಟರು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಸಂಕಟವೋ ಸಂಕಟ. ಒಡೆದದ್ದಕ್ಕೆ ಅಂದುಕೊಂಡಿರಾ? ಇಡಿಯಾಗಿ ದೊರೆಗೆ ಕಾಣಿಕೆ ಕೊಡುವ ಅವಕಾಶ ತಪ್ಪಿತಲ್ಲ ಅಂತ. ಕೊನೆಗೆ ಸಿಂಹಾಸನದ ದೊಡ್ಡ ಹುಲಿತಲೆಯೂ ಅದರ ಮೇಲಿದ್ದ ಹುಮಾ ಎಂಬ ದಂತಕಥೆಯ ಪಕ್ಷಿಯೂ ದೊರೆಯ ವಿಂಡ್ಸರ್ ಅರಮನೆ ಸೇರಿದವು. ಸುತ್ತ ಇದ್ದ ಚಿಕ್ಕ ಹುಲಿತಲೆಗಳು ಯಾರ್ಯಾರದೋ ಮನೆ ಸೇರಿದವು. ಅಂಥದೊಂದು ತಲೆ 2021ರಲ್ಲಿ ಮಾರಾಟಕ್ಕೆ ಬಂದಾಗ ಬ್ರಿಟನ್ನಿನ ಸರ್ಕಾರ ಅದರ ರಫ್ತನ್ನು ತಡೆಹಿಡಿಯಿತು. ಬೆಲೆ 15 ಲಕ್ಷ ಪೌಂಡ್. ಕಾರಣ? ಇಂಥ ಅಮೂಲ್ಯ ಸ್ವತ್ತು ದೇಶ ಬಿಟ್ಟು ಹೋಗಬಾರದಂತೆ! ಶ್ರೀರಂಗಪಟ್ಟಣದಲ್ಲಿ ಯಾರಿಗಾದರೂ ಈ ಬುದ್ಧಿ ಹೊಳೆದು, ಕೋಟೆಯ ಬಾಗಿಲಲ್ಲಿ ಒಂದು ರಫ್ತು ತಡೆಯ ಬೋರ್ಡು ತೂಗುಹಾಕಿದ್ದರೆ ಎಷ್ಟು ಚೆನ್ನಾಗಿತ್ತು.

ನಾನು ಹೇಳಹೊರಟದ್ದು ರಿಚರ್ಡನ ಕಥೆಯಲ್ಲ, ಅವನ ತಮ್ಮ ಆರ್ಥರನದು. ಕೋಟೆ ಬಿದ್ದ ರಾತ್ರಿ ಸಿಪಾಯಿಗಳು ಊರನ್ನು ಸೂರೆಮಾಡಿದರು. ಮರುದಿನ ಊರಿನ ಜವಾಬ್ದಾರಿ ಈ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಸೂರೆ ಮಾಡುತ್ತಿದ್ದ ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿ ಬೀಸಿಸಿ ಗಲಾಟೆ ಅಡಗಿಸಿದ. ಆಮೇಲೆ ಸರ್ಕಾರಿ ಲೆಕ್ಕದಲ್ಲಿ ಅವನಿಗೂ ಸುಮಾರು 4,000 ಪೌಂಡ್ ಪಾಲು ಬಂತು. ಗಮನಿಸಿದಿರಾ? ಲೆಕ್ಕವಿಲ್ಲದೆ ದೋಚಿದರೆ ನೇಣು, ಲೆಕ್ಕ ಬರೆದು ದೋಚಿದರೆ ಪಾಲು. ಕಚೇರಿಯ ಕೆಲಸ ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು.

ಇದೇ ಆರ್ಥರ್ ಹದಿನಾರು ವರ್ಷ ಬಿಟ್ಟು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, ವಾಟರ್ಲೂ ಗೆದ್ದು, ಪ್ಯಾರಿಸ್ಸಿನಲ್ಲಿ ಕೂತಿದ್ದ. ನೆಪೋಲಿಯನ್ ಯೂರೋಪಿನ ಅರಮನೆ, ಇಗರ್ಜಿಗಳಿಂದೆಲ್ಲ ಎತ್ತಿ ತಂದ ಚಿತ್ರಗಳು ಲೂವ್ರ್ ಮ್ಯೂಸಿಯಮ್ಮಿನಲ್ಲಿ ತುಂಬಿದ್ದವು. ಡ್ಯೂಕ್ ಸಾಹೇಬರು 1815ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಮಂತ್ರಿ ಕಾಸಲ್‌ರೇಗೆ ಪತ್ರ ಬರೆದರು: ಎಲ್ಲವನ್ನೂ ಅವರವರಿಗೆ ಹಿಂದಿರುಗಿಸಬೇಕು, ಫ್ರೆಂಚರಿಗೆ ಒಂದು ನೀತಿಪಾಠವಾಗಬೇಕು ಎಂಬ ಅರ್ಥದಲ್ಲಿ. ಆಗ ಹುಲಿ ಲಂಡನ್ನಿನ ಓದುವ ಕೋಣೆಯಲ್ಲೇ ಇತ್ತು. ಪ್ಯಾರಿಸ್ಸಿನವರೆಗೆ ಅದರ ಗುರುಗುಟ್ಟು ಕೇಳಿಸಲಿಲ್ಲವೇನೋ.

ಅಂತೂ ಲೂವ್ರ್‌ನಿಂದ ಚಿತ್ರಗಳು ಹೊರಟವು. ಪಾವೊಲೊ ವೆರೊನೀಸನ ಕಾನಾ ಮದುವೆಯ ಚಿತ್ರ ಮಾತ್ರ ಹೊರಡಲಿಲ್ಲ. ಬಹಳ ದೊಡ್ಡದು, ಸಾಗಿಸಿದರೆ ಹಾಳಾದೀತು ಅಂದರು. ತರುವಾಗ ಅಡ್ಡಬಾರದ ಗಾತ್ರ ಕೊಡುವಾಗ ಅಡ್ಡಬಂತು; ಅದು ಇವತ್ತಿಗೂ ಲೂವ್ರ್‌ನಲ್ಲೇ ಇದೆ. ನೆಪೋಲಿಯನ್ ಹೊತ್ತು ತರಿಸಿದ್ದ, ವೆನಿಸ್ಸಿನ ಸೇಂಟ್ ಮಾರ್ಕ್ ಇಗರ್ಜಿಯ ನಾಲ್ಕು ಲೋಹದ ಕುದುರೆಗಳು ಊರಿಗೆ ಮರಳಿದಾಗ ಸಂಭ್ರಮವೋ ಸಂಭ್ರಮ. ವೆನಿಸ್ಸಿಗೆ ಅವು ಬಂದದ್ದು ಎಲ್ಲಿಂದ ಅಂತ ಆ ಗದ್ದಲದಲ್ಲಿ ಯಾರು ಕೇಳಬೇಕು? 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸುಲಿದು ತಂದದ್ದು. ಆರುನೂರು ವರ್ಷ ಇಟ್ಟುಕೊಂಡರೆ ಸ್ವಂತದ್ದಾಗಿಬಿಡುತ್ತದೆ ಅಂತ ಕಾಣುತ್ತದೆ. ಬಾಡಿಗೆ ಮನೆಯವರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಡ್ಯೂಕನನ್ನು ಬೈಯುವ ಮುಂಚೆ ಇನ್ನೊಂದು ಸಂಗತಿ. 1813ರಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ನೆಪೋಲಿಯನ್ನನ ಅಣ್ಣ ಜೋಸೆಫ್ ಸೋತು ಓಡಿದಾಗ ಅವನ ಸಾಮಾನಿನ ಬಂಡಿ ಸಿಕ್ಕಿತು. ಅದರಲ್ಲಿ ಚೌಕಟ್ಟು ಬಿಚ್ಚಿದ, ಸ್ಪೇನಿನ ರಾಜಮನೆತನದ ಚಿತ್ರಗಳು. ವೆಲ್ಲಿಂಗ್ಟನ್ ಅವನ್ನು ಹಿಂದಿರುಗಿಸುತ್ತೇನೆಂದು ತಾನೇ ಹೇಳಿ ಕಳಿಸಿದ. ನ್ಯಾಯವಾಗಿ ಸಿಕ್ಕಿದ್ದನ್ನು ನೀವೇ ಇಟ್ಟುಕೊಳ್ಳಿ ಅಂತ ದೊರೆ ಫರ್ಡಿನೆಂಡನ ಕಡೆಯಿಂದ ಉತ್ತರ ಬಂತು. ಅವುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳು ಡ್ಯೂಕನ ಮನೆಯಾಗಿದ್ದ ಲಂಡನ್ನಿನ ಆಪ್ಸ್‌ಲಿ ಹೌಸಿನಲ್ಲಿವೆ, ವೆಲಾಸ್ಕೆಸ್ ಬರೆದ ನೀರು ಮಾರುವವನ ಚಿತ್ರವೂ ಸೇರಿ. ಕುದುರೆ ಸವಾರರ ಒಂದು ದಳಕ್ಕೆ ಜೋಸೆಫನ ಬೆಳ್ಳಿಯ ಮೂತ್ರಪಾತ್ರೆ ಸಿಕ್ಕಿತು. ಆ ದಳದ ವಾರಸುದಾರರು ಅದರಲ್ಲೇ ಶಾಂಪೇನ್ ಸುರಿದು ಕುಡಿಯುವ ಸಂಪ್ರದಾಯ ಬೆಳೆಸಿಕೊಂಡಿದ್ದಾರೆ. ಅದನ್ನು ವಾಪಸ್ಸು ಕೊಡಿ ಅಂತ ಕೇಳಿದವರು ಇದ್ದಂತಿಲ್ಲ.

ಬಿಳಿಯರ ಬುದ್ಧಿಯೇ ಇಷ್ಟು ಅಂತ ನೀವು ತಲೆ ಆಡಿಸುತ್ತಿದ್ದರೆ, ತಡೆಯಿರಿ. ತಂಜಾವೂರಿನ ಅರಮನೆಯ ಸಂಗ್ರಹದಲ್ಲಿ ನಮ್ಮ ಚಾಲುಕ್ಯರ ಒಬ್ಬ ದ್ವಾರಪಾಲಕ ನಿಂತಿದ್ದಾನೆ. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜಾಧಿರಾಜ ನಮ್ಮ ಕಲ್ಯಾಣದಿಂದ, ಅಂದರೆ ಇವತ್ತಿನ ಬಸವಕಲ್ಯಾಣದಿಂದ, ಎತ್ತಿಕೊಂಡು ಹೋದದ್ದು. ಕದ್ದು ಮುಚ್ಚಿ ಅಲ್ಲ. ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕ ಇವನು ಅಂತ ಕಲ್ಲಿನ ಮೇಲೇ ಬರೆಸಿದ್ದಾರೆ. ನಮ್ಮ ಮನೆಗಳಲ್ಲಿ ಸ್ಟೀಲು ಪಾತ್ರೆ ಕಳೆಯದಿರಲಿ ಅಂತ ಹೆಸರು ಕೊರೆಸುತ್ತೇವಲ್ಲ, ಹಾಗೆ. ಚೋಳರು ಕೊರೆಸಿದ್ದು ಮಾತ್ರ ಪಕ್ಕದ ಮನೆಯ ಪಾತ್ರೆಗೆ, ಆ ಮನೆಗೆ ಬೆಂಕಿ ಹಚ್ಚಿ ತಂದದ್ದೆಂಬ ಒಕ್ಕಣೆಯ ಸಮೇತ.

ನೋಡಿದಿರಾ, ಅದೂ ನಮ್ಮದೇ, ವಾಪಸ್ಸು ತರಿಸೋಣ ಅನ್ನುತ್ತೀರಿ. ತರಿಸೋಣ. ಆಗ ನಮ್ಮ ಕೃಷ್ಣದೇವರಾಯನ ಫೈಲೂ ತೆರೆಯುತ್ತದೆ. ಗಜಪತಿಗಳ ಕೈಯಲ್ಲಿದ್ದ ಉದಯಗಿರಿಯನ್ನು ಗೆದ್ದು, ಅಲ್ಲಿನ ಬಾಲಕೃಷ್ಣನನ್ನು ಹಂಪಿಗೆ ತಂದು, ಅದಕ್ಕಾಗಿಯೇ ದೇವಸ್ಥಾನ ಕಟ್ಟಿಸಿ, 1515ರಲ್ಲಿ ಪ್ರತಿಷ್ಠೆ ಮಾಡಿಸಿದ. ಬೆಣ್ಣೆ ಕದ್ದವನನ್ನೇ ಕದ್ದು ತಂದ ಖ್ಯಾತಿ ನಮ್ಮ ರಾಯರದು! ದೇವಸ್ಥಾನ ಹಂಪಿಯಲ್ಲಿ ಇನ್ನೂ ನಿಂತಿದೆ, ದೇವರು ಮಾತ್ರ ಚೆನ್ನೈ ಮ್ಯೂಸಿಯಮ್ಮಿನಲ್ಲಿ.

ಈಗ ಹೇಳಿ, ಯಾರಿಗೆ ಕೊಡಿಸೋಣ? ಗುಡಿ ನಮ್ಮದು ಅಂತ ಹೊಸಪೇಟೆಯವರು ಬಂದರೆ, ಉದಯಗಿರಿ ನಮ್ಮ ನೆಲ್ಲೂರು ಜಿಲ್ಲೆಯದು ಅಂತ ಆಂಧ್ರದವರು ಎದ್ದು ನಿಲ್ಲುತ್ತಾರೆ. ಆಗ ಅಲ್ಲಿ ಆಳುತ್ತಿದ್ದವರು ನಮ್ಮ ರಾಜರು ಅಂತ ಒಡಿಶಾದವರು. ಇಷ್ಟು ವರ್ಷ ಧೂಳು ಹೊಡೆದವರು ನಾವು ಅಂತ ಚೆನ್ನೈನವರು. ಕಾವೇರಿಯ ಟ್ರಿಬ್ಯೂನಲ್ ಕಂಡ ನಮಗೆ ಈ ದಾವೆ ಎಷ್ಟು ಕಾಲ ನಡೆದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಯಾರಾದರೂ ಎದ್ದು, ಹುಡುಗನ ತಾಯಿ ಯಶೋದೆಯನ್ನು ಸಾಕ್ಷಿಗೆ ಕರೆಸಿ ಅಂದರಂತೂ ನಾಲ್ಕೂ ಕಡೆಯ ವಕೀಲರು ಒಟ್ಟಿಗೇ ಮುಂದಿನ ವಾಯಿದೆ ಕೇಳಿಯಾರು.