ಗುಡ್ಡ ಕಡಿಯದೆ ಒಂದು ಮನೆ

ದೆಹಲಿಯಲ್ಲಿ ಮನೆ ಎಂದರೆ ನಮಗೆ ಗೊತ್ತಿರುವುದು ಸರ್ಕಾರಿ ಕ್ವಾರ್ಟರ್ಸು. ಅದರ ನಕ್ಷೆ ಯಾರೋ ಬರೆದದ್ದು; ಸುಣ್ಣ ಬಳಿಯುವ ವರ್ಷವನ್ನೂ ಯಾರೋ ಗೊತ್ತುಮಾಡುತ್ತಾರೆ. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯುವುದಷ್ಟೇ ನಮ್ಮ ಪಾಲಿನ ಶಿಲ್ಪಕಲೆ. ಇಂಥ ನಮಗೆ ತೀರ್ಥಹಳ್ಳಿ ತಾಲ್ಲೂಕಿನ ಗುಡ್ಡವೊಂದರ ಮಗ್ಗುಲಲ್ಲಿ ಮನೆ ಕಟ್ಟುವ ಕೆಲಸ ಬಂದೊದಗಿತು. ಊರಿನ ಹಳೆಯ ಮನೆಯ ಪಡುವಣ ಗೋಡೆ ಎರಡು ಮಳೆಗಾಲದ ಹಿಂದೆ ಕುಸಿದು ಕುಳಿತಿತು. ಎಪ್ಪತ್ತೆಂಟು ವರ್ಷದ ಅಮ್ಮ ಉಳಿದರ್ಧದಲ್ಲಿ ದೀಪ ಹಚ್ಚಿಕೊಂಡು ಇದ್ದಾರೆ. ನಮ್ಮ ಜೊತೆ ಬನ್ನಿ ಎಂದರೆ, "ನಿಮ್ಮ ಮೂರನೇ ಮಾಳಿಗೆಯಲ್ಲಿ ಕೂತು ನಾನು ಯಾರ ಮುಖ ನೋಡಲಿ?" ಎನ್ನುತ್ತಾರೆ. ಆದ್ದರಿಂದ ಮನೆ ಏಳಬೇಕು, ಅದೂ ಬೇಗ ಏಳಬೇಕು.

ಶಿವಮೊಗ್ಗದಲ್ಲಿರುವ ತಮ್ಮ ಒಂದು ನಕ್ಷೆ ಮಾಡಿಸಿ ತಂದ. ಜೆಸಿಬಿ ತಂದು ಗುಡ್ಡವನ್ನು ಹದಿನೈದು ಅಡಿ ನೇರವಾಗಿ ಕಡಿದು, ಸಮತಟ್ಟು ಮಾಡಿ, ಅಲ್ಲಿ ಎರಡು ಅಂತಸ್ತಿನ ತಾರಸಿ ಮನೆ. "ಮೂರು ದಿನದ ಕೆಲಸ ಅಣ್ಣಾ" ಎಂದ. ನಕ್ಷೆ ಚೆನ್ನಾಗಿಯೇ ಇತ್ತು. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಒಪ್ಪುವಂತಿತ್ತು. ಅದೇ ನಮ್ಮ ತಕರಾರು.

ಗುಡ್ಡದ ಬುಡವೆಂದರೆ ಮೇಲಿನ ಮಣ್ಣಿಗೆಲ್ಲ ಒತ್ತು ಕೊಟ್ಟು ನಿಂತ ಕಾಲು. ಬೇಸಿಗೆಯಲ್ಲಿ ಕಡಿದಾಗ ಧರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಮಳೆ ಹಿಡಿದ ಮೇಲೆ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ, ಕಣಕಣಗಳನ್ನು ಒಂದರಿಂದೊಂದು ದೂಡಲು ಹತ್ತುತ್ತದೆ. ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ ಘರ್ಷಣೆಯ ಪಾಠ ಇಷ್ಟು ವರ್ಷದ ಫೈಲುಗಳ ನಡುವೆಯೂ ಮರೆತಿಲ್ಲವೆಂದು ತಮ್ಮನಿಗೆ ಚಿತ್ರ ಬರೆದು ತೋರಿಸಿದೆವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ, ಭಾರೀ ಮಳೆಯ ಜೊತೆಗೆ ಮನೆಗೂ ರಸ್ತೆಗೂ ಇಳಿಜಾರು ಕಡಿದದ್ದೂ ಕಾರಣವೆಂದು ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಹೇಳಿದ್ದನ್ನೂ ನೆನಪಿಸಿದೆವು. ತಮ್ಮ ಬಗ್ಗಲಿಲ್ಲ. ಕೊನೆಗೆ ಅಮ್ಮ ಅಡಿಕೆ ಸುಲಿಯುತ್ತಲೇ ಅಂದರು: "ಮಳೆಗಾಲದಲ್ಲಿ ಧರೆ ನಿದ್ದೆ ಮಾಡಲ್ಲ ಕಣೋ. ಅದರ ಬುಡದಲ್ಲಿ ನಾನು ಹೇಗೆ ಮಾಡಲಿ?" ನಮ್ಮ ಚಿತ್ರಕ್ಕಿಂತ ಈ ಮಾತು ಹೆಚ್ಚು ಕೆಲಸ ಮಾಡಿತು.

ಹಾಗಾದರೆ ಮನೆ ಹೇಗಿರಬೇಕು? ಇದಕ್ಕಾಗಿ ದೂರ ಹೋಗಬೇಕಾಗಿರಲಿಲ್ಲ. ಕುಪ್ಪಳಿಯ ಕವಿಮನೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಬೆನ್ನಿಗೆ ಗುಡ್ಡ, ನಡುವೆ ತೊಟ್ಟಿ, ಮೇಲೆ ಇಳಿಜಾರಿನ ಹೆಂಚಿನ ಮಾಡು. ಅಷ್ಟು ದೊಡ್ಡದಾಗಿದ್ದೂ ಅದು ಗುಡ್ಡದ ಎದುರು ತಲೆಯೆತ್ತಿ ಜಂಬ ಕೊಚ್ಚುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ನಮ್ಮವರೇ ಆಗಿಹೋದ ವಾಸ್ತುಶಿಲ್ಪಿ ಲಾರಿ ಬೇಕರ್ ಪಿಥೋರಗಢದ ಬೆಟ್ಟಗಳಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ಇದ್ದು, ಅಲ್ಲಿನ ಹಳ್ಳಿಯವರ ಮನೆಗಳನ್ನು ನೋಡಿಯೇ ತಮ್ಮ ವಿದ್ಯೆಯನ್ನು ತಿದ್ದಿಕೊಂಡರಂತೆ. ಇಂಗ್ಲೆಂಡಿನಿಂದ ಬಂದವರಿಗೆ ಆ ವಿನಯವಿತ್ತು. ಅದೇ ಊರಲ್ಲಿ ಹುಟ್ಟಿದ ನಮಗೆ ಇರಬಾರದೇ?

ಊರಿನ ಆಚಾರಿಯವರನ್ನು ಕರೆಸಿದೆವು. ಅವರು ಟೇಪು ಹಿಡಿಯುವ ಮೊದಲು ನೀರು ಎಲ್ಲಿಂದ ಇಳಿಯುತ್ತದೆಂದು ಕೇಳಿದರು. ಅದರಂತೆ ಮನೆಯ ಮೇಲ್ಗಡೆ ಅಡ್ಡಲಾಗಿ ಒಂದು ಅಗಳು ತೋಡಿ, ಬರುವ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸುವುದೆಂದಾಯಿತು. ಗುಡ್ಡವನ್ನು ಸೊಂಟದೆತ್ತರಕ್ಕಿಂತ ಹೆಚ್ಚು ಎಲ್ಲಿಯೂ ಕಡಿಯುವುದಿಲ್ಲ. ಇಳಿಜಾರು ಇದ್ದಂತೆ ಮನೆಯೂ ಎರಡು ಹಂತ. ನಡುವೆ ಐದು ಮೆಟ್ಟಿಲು. ಒಡ್ಡಿನ ಕಲ್ಲುಗೋಡೆಯಲ್ಲಿ ನೀರು ಬಸಿಯಲು ಸಂದು. ಮನೆಯ ಹಿಂದಿನ ಹಲಸು, ಮತ್ತಿ ಮರಗಳನ್ನು ಮುಟ್ಟಕೂಡದು. ಅವುಗಳ ಬೇರೇ ಆ ಮಣ್ಣಿನ ಹೊಲಿಗೆ.

ಮಾಡಿನ ವಿಷಯಕ್ಕೆ ಮತ್ತೆ ಜಗಳ. ದೆಹಲಿಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 800 ಮಿಲಿಮೀಟರಿಗೂ ಕಡಿಮೆ. ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ನಮ್ಮ ಊರು ಇವೆರಡರ ನಡುವೆ, ಆಗುಂಬೆಯ ಕಡೆಗೆ ವಾಲಿಕೊಂಡಿದೆ. 100 ಚದರ ಮೀಟರು ಜಾಗದ ಮೇಲೆ ಒಂದು ದಿನ 100 ಮಿಲಿಮೀಟರು ಮಳೆ ಬಿದ್ದರೆ 10,000 ಲೀಟರು ನೀರಾಯಿತು. ನಮ್ಮ ದೆಹಲಿಯ ಕಾಲೋನಿಯಲ್ಲಿ ಇದಕ್ಕಾಗಿ ಬಕೆಟ್ಟು ಹಿಡಿದು ಟ್ಯಾಂಕರಿನ ಹಿಂದೆ ಓಡುತ್ತಾರೆ. ಅಲ್ಲಿ ಅದು ತಲೆಯ ಮೇಲಿಂದ ಬೇಗ ತೊಲಗಿದರೆ ಸಾಕು. ತಾರಸಿಯ ಮೇಲೆ ಅದು ತೊಲಗುವುದಿಲ್ಲ, ನಿಂತು ಒಸರುತ್ತದೆ. ಮಲೆನಾಡಿನಲ್ಲಿ ತಾರಸಿ ಕಟ್ಟಿದವರೆಷ್ಟೋ ಮಂದಿ ಎರಡು ವರ್ಷ ಕಳೆದು ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸುತ್ತಾರೆ. ಕೊಡೆಯ ಮೇಲೊಂದು ಕೊಡೆ! ಖರ್ಚು ಎರಡು, ಸದ್ದು ಹತ್ತು.

ಕೊನೆಗೆ ಹೆಂಚೇ ಗೆದ್ದಿತು. ಹಳೆಯ ಮನೆಯ ಹೆಂಚುಗಳನ್ನು ಇಳಿಸಿ ತೊಳೆದಾಗ ಕೆಲವುಗಳ ಬೆನ್ನಿನಲ್ಲಿ ಬಾಸೆಲ್ ಮಿಷನ್ ಮುದ್ರೆ ಕಂಡಿತು. ಆ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಬೆರಳಿನಿಂದ ತಟ್ಟಿದರೆ ಈಗಲೂ ಕಂಚಿನಂತೆ ಟಣ್ಣೆನ್ನುತ್ತವೆ. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಪಡುವಣ ಗಾಳಿಯ ಇರಚಲು ಗೋಡೆಗೆ ಬಡಿಯದಂತೆ ಆ ಕಡೆ ಸೂರನ್ನು ನಾಲ್ಕು ಅಡಿ ಮುಂದಕ್ಕೆ ಚಾಚಿದ್ದೇವೆ; ಕಿಟಕಿ ಆ ಕಡೆ ಒಂದೇ, ಅದೂ ಚಿಕ್ಕದು. ಜಗಲಿ ಮೂಡಣಕ್ಕೆ. ಹಳೆಯ ಕಂಬಗಳು, ಹೊಗೆ ಕುಡಿದು ಕಪ್ಪಾದ ಅಡುಗೆಮನೆಯ ಪಕಾಸುಗಳು ಹುಳು ಮುಟ್ಟದೆ ಗಟ್ಟಿಯಾಗಿದ್ದವು, ಹೊಸ ಮರ ಕೊಳ್ಳುವುದು ಬಹಳ ಉಳಿಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಆ ಐದು ಮೆಟ್ಟಿಲು. ಗುಡ್ಡ ಕೇಳುವುದು ಹಂತದ ಮನೆ, ಅಮ್ಮನ ಮಂಡಿ ಕೇಳುವುದು ಸಮತಟ್ಟು. ನಮ್ಮ ಮನೆಯಾಕೆಯೇ ಪೆನ್ಸಿಲು ತೆಗೆದುಕೊಂಡು ದಾರಿ ಕಂಡುಹಿಡಿದದ್ದು. ಅಮ್ಮನ ಕೋಣೆ, ದೇವರು, ಅಡುಗೆಮನೆ, ಬಚ್ಚಲು, ಜಗಲಿ ಎಲ್ಲವೂ ಕೆಳಗಿನ ಹಂತದಲ್ಲಿ ಹೊಸಿಲಿಲ್ಲದೆ ಒಂದೇ ನೆಲ. ರಜೆಗೆ ಬರುವ ನಾವೂ ತಮ್ಮನ ಸಂಸಾರವೂ ಮೇಲಿನ ಹಂತದಲ್ಲಿ. ಹೊಸಿಲಿಲ್ಲದ ಮನೆಯೇ ಎಂದು ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮುಂಬಾಗಿಲಿಗೊಂದು ಇಡುವುದೆಂದ ಮೇಲೆ ಒಪ್ಪಿದರು. ತಮ್ಮನಿಗೂ ಸಮಾಧಾನ ಬೇಕಲ್ಲ. ರಸ್ತೆಯ ಪಕ್ಕದ ಸಮತಟ್ಟಿನಲ್ಲಿ ಕಾರಿಗೆ ಪುಟ್ಟದೊಂದು ತಾರಸಿ ಶೆಡ್ಡು ಅವನಿಷ್ಟದಂತೆ ಏಳುತ್ತಿದೆ.

ಈಗ ಗೋಡೆ ಎದ್ದಿದೆ, ಪಕಾಸು ಏರಿದೆ. ಮೇ ಕೊನೆಯೊಳಗೆ ಹೆಂಚು ಹೊದಿಸಬೇಕೆಂದು ಆಚಾರಿಯವರು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಾರೆ. ಎಣಿಸಿದಾಗ ಇನ್ನೂ ನಾನೂರು ಹೆಂಚು ಕಡಿಮೆ ಬಿದ್ದಿದೆ. ಓದುಗರಲ್ಲಿ ಯಾರಾದರೂ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಹಳೆಯ ಮನೆ ಬಿಚ್ಚುವವರಿದ್ದರೆ, ಹೆಂಚನ್ನು ಒಡೆದು ರಸ್ತೆಯ ಹೊಂಡಕ್ಕೆ ಸುರಿಯುವ ಮೊದಲು ಸಂಘದ ಕಚೇರಿಯಲ್ಲಿ ನಮಗೊಂದು ಮಾತು ತಿಳಿಸಿ. ಲಾರಿ ನಾವೇ ಕಳಿಸುತ್ತೇವೆ.