ಹಗೇವಿನ ದೀಪ

ಮಗ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಸೇರಿದ ಮೊದಲ ವಾರ. ಊಟಕ್ಕೆ ಕೂತವನು, "ಅಮ್ಮ, ನಮ್ಮಲ್ಲಿ ಟ್ಯಾಂಕ್ ತೊಳೆಯೋಕೆ ಇಳಿಯೋ ಮೊದಲು ಒಳಗೆ ಮೀಟರ್ ಬಿಟ್ಟು ಗಾಳಿ ನೋಡ್ತಾರೆ. ಅದು ಕೂಗಿಕೊಂಡ್ರೆ ಯಾರೂ ಇಳಿಯೋ ಹಾಗಿಲ್ಲ" ಎಂದ. ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

ಕನಕಪುರದ ಕಡೆಯ ನನ್ನ ತವರಿನಲ್ಲಿ ಮನೆ ಮುಂದೆಯೇ ರಾಗಿಯ ಹಗೇವು ಇತ್ತು. ಬಾಯಿ ಕಿರಿದು, ಹೊಟ್ಟೆ ಅಗಲ. ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಒಂದು ಸಲ ಬಾಯಿ ತೆಗೆದ ಕೂಡಲೇ ಅಜ್ಜಿಯ ಮೈದುನ ಇಳಿದರಂತೆ. ಕೂಗಲೂ ಇಲ್ಲ, ಮೇಲೆ ಬರಲೂ ಇಲ್ಲ. ದೆವ್ವ ಹಿಡಿಯಿತು ಎಂದರು ಊರವರು. ಅಜ್ಜಿ ಮಾತ್ರ ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪ ಇಳಿಸದೆ ಯಾರನ್ನೂ ಬಿಡಲಿಲ್ಲ. "ದೀಪ ಆರ್‍ತು ಅಂದ್ರೆ ಕಾಲಿಡಬ್ಯಾಡ ಕಣವ್ವ" ಎನ್ನುತ್ತಿದ್ದಳು.

ಆ ದೆವ್ವದ ಹೆಸರು ಇಂಗಾಲದ ಡೈ ಆಕ್ಸೈಡ್. ರಾಗಿ ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನು ಎಳೆದುಕೊಂಡು ಈ ಅನಿಲ ಬಿಡುತ್ತದೆ. ಹುಳ ಸಾಯುವುದೂ ಅದರಿಂದಲೇ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಗಾಳಿಯಾಡದ ಗುಂಡಿಯಲ್ಲಿ ನೀರಿನಂತೆ ನಿಂತುಬಿಡುತ್ತದೆ.

ಹಾಗಂತ ಅದು ಪರಕೀಯವೇನಲ್ಲ. ದೋಸೆ ಹಿಟ್ಟು ಉಬ್ಬಿಸುವುದು, ಗೋಲಿ ಸೋಡಾದಲ್ಲಿ ಬುಸ್ಸೆನ್ನುವುದು ಅದೇ. ಕಾರ್ಖಾನೆಯಲ್ಲಿ ಸಿಓಟು ವೆಲ್ಡಿಂಗ್ ಅನ್ನುತ್ತಾರಲ್ಲ, ಅಲ್ಲಿ ಕಾದ ಲೋಹಕ್ಕೆ ಗಾಳಿ ತಾಗದಂತೆ ಕಾಯುವುದೂ ಅದೇ. ಎಲೆ ಅಡಿಕೆಯ ಸುಣ್ಣವನ್ನು ನೀರಲ್ಲಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರು ಬಸಿದು, ಕೊಳವೆಯಿಂದ ಊದಿ ನೋಡಿ (ಬಾಯಿಗೆ ಎಳೆದುಕೊಳ್ಳಬೇಡಿ!). ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡ್ ಸುಣ್ಣದ ಜೊತೆ ಸೇರಿ ಸೀಮೆಸುಣ್ಣದ ಪುಡಿಯಂಥದ್ದಾಗುತ್ತದೆ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಈ ಅನಿಲದ ಗುಣ ಪರೀಕ್ಷಿಸಿದಾಗ ಬಳಸಿದ್ದೂ ಸುಣ್ಣದ ನೀರನ್ನೇ.

ಹೊರಗಿನ ಗಾಳಿಯಲ್ಲಿ ಇದು ಹತ್ತು ಸಾವಿರಕ್ಕೆ ನಾಲ್ಕು ಭಾಗದಷ್ಟು. ನೂರಕ್ಕೆ ಹತ್ತಾದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ.

ಮಗ ಇನ್ನೊಂದು ಮಾತು ಹೇಳಿದ. "ದೀಪ ಉರೀತಿದೆ ಅಂತ ನಂಬೋ ಹಾಗಿಲ್ಲಮ್ಮ. ಮನುಷ್ಯ ಬೀಳೋವಷ್ಟು ಗ್ಯಾಸ್ ಇದ್ರೂ ದೀಪ ಉರೀತಾ ಇರಬಹುದು." ಅಜ್ಜಿಯ ದೀಪದ ಮೇಲೆ ಇಷ್ಟು ವರ್ಷ ಇಟ್ಟಿದ್ದ ನಂಬಿಕೆ ಒಂದು ಗಳಿಗೆ ಅಲುಗಾಡಿತು. ಆರಿದ ದೀಪ ಸುಳ್ಳು ಹೇಳುವುದಿಲ್ಲ. ಉರಿಯುವ ದೀಪ ಹೇಳಬಹುದು.

ಈಗ ಸಂಜೆ ಅವನು ಚಪ್ಪಲಿ ಬಿಡುವಾಗಲೇ ಕೇಳುತ್ತೇನೆ, "ಇವತ್ತು ಇಳಿದೆಯೇನೋ?" ಇಳಿದೆ ಎಂದ ದಿನ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ: "ಮೇಲೆ ಹಗ್ಗ ಹಿಡ್ಕೊಂಡು ಯಾರಿದ್ರು?"